ಒಂದೂವರೆ ಪಾಲಿನ ಇಂಜಿನ್ನಿಗೆ, ಗ್ರೀಸಿನ ಬಾಬ್ತು

ಇವರಿಗೆ:
ಮಾನ್ಯ ಇಂಜಿನ್ ಅವರು, ಆರು ಸಿಲಿಂಡರ್,
ಒಂದೂವರೆ ಪಾಲಿನ ಪಾಲುದಾರರು,
ನಮ್ಮ ಮೀನುಗಾರಿಕೆ ಕಂಪನಿಯ ಏಕಮಾತ್ರ ದೋಣಿಯ ಹೊಟ್ಟೆ.

ವಿಷಯ: ತಮ್ಮನ್ನು ಪಾಲುದಾರಿಕೆಯಿಂದ ಏಕೆ ತೆಗೆದುಹಾಕಬಾರದು ಎಂಬುದಕ್ಕೆ ವಿವರಣೆ ಕೋರಿ.

ಮಾನ್ಯರೇ,

ಆರೋಗ್ಯ ವಿಚಾರಿಸಿಕೊಂಡು ಪತ್ರ ಆರಂಭಿಸುವುದು ಸಭ್ಯರ ಕ್ರಮ. ಆದರೆ ತಮ್ಮ ಆರೋಗ್ಯದ ಪೂರ್ಣ ವಿವರ ನಾಲ್ಕು ಲಕ್ಷ ಎಂಬತ್ತು ಸಾವಿರದ ರಿಪೇರಿ ಅಂದಾಜು ಪಟ್ಟಿಯ ರೂಪದಲ್ಲಿ ನನ್ನ ಮೇಜಿನ ಮೇಲೆಯೇ ಕುಳಿತಿರುವುದರಿಂದ, ಆ ಸಾಲನ್ನು ಬಿಟ್ಟು ನೇರವಾಗಿ ನಮಸ್ಕಾರಕ್ಕೆ ಬರುತ್ತೇನೆ. ನಮಸ್ಕಾರ. ತಾವು ಹದಿನೇಳು ದಿನಗಳಿಂದ ತಾಡಪಾಲು ಹೊದ್ದು, ಕೈಕಾಲು ಬಿಚ್ಚಿಸಿಕೊಂಡು, ಬಂದರಿನ ನೀರಿನಲ್ಲಿ ಮೆಲ್ಲಗೆ ತೂಗಿಸಿಕೊಳ್ಳುತ್ತಾ ವಿಶ್ರಾಂತಿಯಲ್ಲಿದ್ದೀರಿ. ಕಂಪನಿಯ ಉಳಿದ ಯಾರಿಗೂ ಈ ಭಾಗ್ಯ ಇಲ್ಲದಿರುವುದನ್ನು ತಮ್ಮ ಗಮನಕ್ಕೆ ತರುತ್ತಾ ವಿಷಯಕ್ಕೆ ಬರುತ್ತೇನೆ.

ನಾನು ಯಾರೆಂಬುದು ತಮಗೆ ತಿಳಿದಿರಲಾರದು. ತಮ್ಮ ಯಜಮಾನನಿಗೆ ನಾನು ಬೆನ್ನಿಗೆ ಬಿದ್ದ ತಂಗಿ, ಕೆಲಸದವರ ಬಾಯಲ್ಲಿ 'ಲೆಕ್ಕದಕ್ಕ'. ಐಸ್ ಕೋಣೆಯ ಮೇಲಿನ ಮಹಡಿಯಲ್ಲಿ, ಬೇಸಿಗೆಯಲ್ಲೂ ಕಾಲು ತಣ್ಣಗಾಗುವ ಒಂದು ಮೇಜಿನ ಹಿಂದೆ ಏಳು ವರ್ಷಗಳಿಂದ ಕುಳಿತಿದ್ದೇನೆ. ನಾನು ಹದಿನೆಂಟು ವರ್ಷ ಲೆಕ್ಕ ಬರೆದ ಬಟ್ಟೆ ಗಿರಣಿ ಬಾಗಿಲು ಹಾಕಿದ ವಾರವೇ ಅಣ್ಣ ನನ್ನ ಬಾಡಿಗೆ ಕೋಣೆಗೆ ಬಂದು, "ನೀನಿಲ್ದೆ ಕಂಪನಿ ಮುಳುಗಿ ಹೋಗುತ್ತೆ ಕಣೇ, ಬಂದು ಲೆಕ್ಕ ಹಿಡಿ" ಎಂದು ಗೋಗರೆದದ್ದರಿಂದ, ಕರುಣೆ ತೋರಿ ಒಪ್ಪಿಕೊಂಡವಳು ನಾನು. ಅದೂ ಕಂಪನಿಗೆ ಒಂದು ಕಾಸಿನ ಖರ್ಚಿಲ್ಲದೆ; ಏಕೆಂದರೆ ನನ್ನ ಸಂಬಳವನ್ನು ಅಣ್ಣ ತನ್ನ ಸ್ವಂತ ಪಾಲಿನಿಂದ ಪ್ರತಿ ತಿಂಗಳ ಒಂದನೆಯ ತಾರೀಕು ಲಕೋಟೆಯಲ್ಲಿಟ್ಟು ಕೊಡುತ್ತಾನೆ. ಐದು ಜನ ಗಂಡಸರು, ಒಂದು ದೋಣಿ, ಒಂದು ತಗಡಿನ ಡಬ್ಬಿ ಇರುವ ಕಂಪನಿಗೆ ಪೂರ್ಣಾವಧಿ ಲೆಕ್ಕಿಗಳು ಯಾಕೆ ಎಂದು ಮೀನು ಮಾರುಕಟ್ಟೆಯವರು ಮೂಗು ಮುರಿದದ್ದುಂಟು. ಅವರಿಗೆ ಲೆಕ್ಕಶಾಸ್ತ್ರದ ಗಂಧವಿಲ್ಲ.

ತಮ್ಮ ಪಾಲಿನ ಹಿನ್ನೆಲೆಯನ್ನು ಸ್ವಲ್ಪ ನೆನಪಿಸಬೇಕು. ನಮ್ಮ ತಂದೆಯವರು ಕಂಪನಿ ಕಟ್ಟಿದಾಗ ಹಾಕಿಕೊಟ್ಟ ಕ್ರಮವೇ ಇಂದಿಗೂ ನಡೆದಿದೆ. ಪ್ರತಿ ಸಲ ದೋಣಿ ಮರಳಿದ ಮೇಲೆ ಮೀನು ಮಾರಿ, ಡೀಸೆಲ್ಲು, ಐಸು, ಊಟದ ಸಾಮಾನಿನ ಖರ್ಚು ಕಳೆದು, ಉಳಿದದ್ದನ್ನು ನನ್ನ ಮೇಜಿನ ಮೇಲೆ ಹತ್ತು ಪಾಲು ಮಾಡುತ್ತೇವೆ. ಐದು ಜನರಿಗೆ ಐದು ಪಾಲು, ದೋಣಿ ನಡೆಸುವ ಅಣ್ಣನಿಗೆ ಮೇಲೆ ಅರ್ಧ, ದೋಣಿಗೆಂದು ಎರಡು, ಬಲೆಗೆ ಒಂದು, ತಮಗೆ ಒಂದೂವರೆ. ದೋಣಿಯ ಪಾಲು ಅದರ ಒಡೆಯನಾದ ಅಣ್ಣನಿಗೆ ಹೋಗುತ್ತದೆ. ಬಲೆಯ ಪಾಲು ಹೊಸ ಬಲೆಗೆ ಹೋಗುತ್ತದೆ. ತಮ್ಮ ಪಾಲು ಮಾತ್ರ 'ಇಂಜಿನ್' ಎಂದು ಬಣ್ಣದಲ್ಲಿ ಬರೆದ ತಗಡಿನ ಡಬ್ಬಿಗೆ ಹೋಗಿ, ಮುಂದೊಂದು ದಿನ ತಮ್ಮನ್ನು ಪೂರ್ತಿ ಬಿಚ್ಚಿ ಹೊಸದು ಮಾಡಲಿಕ್ಕೆಂದು ಕಾಯುತ್ತದೆ. ಅಂದರೆ ಹತ್ತರಲ್ಲಿ ಒಂದೂವರೆ! ಚಳಿಗಾಲದ ಅಲೆಗೆ ಬೆನ್ನು ಕೊಟ್ಟು ಬಲೆ ಎಳೆಯುವ ಮನುಷ್ಯನಿಗಿಂತ ಅರ್ಧ ಪಾಲು ಹೆಚ್ಚು. ಅದಕ್ಕೆ ನನ್ನ ತಕರಾರು ಎಂದೂ ಇರಲಿಲ್ಲ, ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ನೀಟಾಗಿಯೇ ಬರೆಯುತ್ತಾ ಬಂದಿದ್ದೇನೆ.

ಆ ನೀಟುತನವೇ ನನಗೆ ಉರುಳಾಯಿತು. ಮೂರು ವರ್ಷದ ಹಿಂದೆ ಬ್ಯಾಂಕಿನ ಸಾಲವನ್ನು ನವೀಕರಿಸುವಾಗ, ಅರ್ಜಿಯಲ್ಲಿ 'ಲಾಭದಲ್ಲಿ ಪಾಲು ಪಡೆಯುವವರೆಲ್ಲರ ಹೆಸರು' ಎಂಬ ಕಲಮಿತ್ತು. ಸುಳ್ಳು ಬರೆದು ಅಭ್ಯಾಸವಿಲ್ಲದ ನಾನು ಐದೂ ಜನರ ಕೆಳಗೆ 'ಇಂಜಿನ್, ಶೇಕಡಾ ಹದಿನೈದು' ಎಂದು ಬರೆದೆ. ಜನ್ಮ ವರ್ಷದ ಜಾಗದಲ್ಲಿ ತಮ್ಮ ಮೈಮೇಲೆ ಕೊರೆದಿರುವ ವರ್ಷವನ್ನೇ ತುಂಬಿದೆ. ಲಿಂಗ ಎಂಬಲ್ಲಿ ಖಾಲಿ ಬಿಟ್ಟದ್ದನ್ನು ಬ್ಯಾಂಕಿನ ಗುಮಾಸ್ತರು ಯಾವ ಆಧಾರದ ಮೇಲೋ 'ಸ್ತ್ರೀ' ಎಂದು ಭರ್ತಿ ಮಾಡಿದರು. ಅಂದಿನಿಂದ ತಮಗೆ ಪ್ರತಿ ವರ್ಷ ಹುಟ್ಟುಹಬ್ಬದ ಶುಭಾಶಯ ಬರುತ್ತದೆ, ಮಂಡಿ ನೋವಿನ ವಿಮೆಯ ಆಹ್ವಾನ ಬರುತ್ತದೆ. ಮಹಿಳಾ ಪಾಲುದಾರರಿರುವ ಕಂಪನಿ ಎಂದು ನಮಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿಯೂ ಸಿಕ್ಕಿದೆ. ಈ ಕಟ್ಟಡದಲ್ಲಿ ಏಳು ವರ್ಷದಿಂದ ಇರುವ ಒಬ್ಬಳೇ ಹೆಂಗಸು ನಾನು, ಪಾಲುದಾರಳಲ್ಲ. ತಾವು ಪಾಲುದಾರರು, ಹೆಂಗಸಲ್ಲ. ಇದನ್ನು ಬ್ಯಾಂಕಿಗೆ ವಿವರಿಸಲು ಹೋಗಿ ರಿಯಾಯಿತಿ ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಈಗ ಆ ಸಾಲದ ಮೂರು ವರ್ಷ ಮುಗಿದಿದೆ. ಈ ತಿಂಗಳ ಕೊನೆಯೊಳಗೆ ನವೀಕರಣವಾಗದಿದ್ದರೆ ಬ್ಯಾಂಕಿನವರು ದೋಣಿಯನ್ನು ಹರಾಜಿಗಿಡುತ್ತಾರೆ. ಐದು ಮನೆಗಳ ಒಲೆ ಅದರ ಮೇಲೆ ನಿಂತಿದೆ. ನವೀಕರಣಕ್ಕೆ ಎಲ್ಲ ಪಾಲುದಾರರ ಸಹಿ ಹಾಗೂ ಅವರವರು ಕಂಪನಿಯಿಂದ ಪಡೆದ ಮೊತ್ತದ ಪಟ್ಟಿ ಬೇಕು. ಐದು ಜನ ಸಹಿ ಹಾಕಿಯಾಗಿದೆ. ಆರನೆಯವರಾದ ತಾವು ಇದೇ ಸಂದರ್ಭ ನೋಡಿ, ಹಂಗಾಮಿನ ಮೂರನೆಯ ಸುತ್ತಿನಲ್ಲಿ, ದಡದಿಂದ ನಾಲ್ಕು ಗಂಟೆಯ ದೂರದಲ್ಲಿ, ಗಡಗಡನೆ ನಡುಗಿ ಕೈಕೊಟ್ಟಿರಿ. ದೊಡ್ಡ ಕಂಪನಿಯ ಹಡಗೊಂದು ನಮ್ಮನ್ನು ಹಗ್ಗ ಕಟ್ಟಿ ಎಳೆದು ತಂದು, ಎಳೆದ ಬಾಬ್ತು ಬಿಲ್ಲನ್ನು ಹಗ್ಗ ಬಿಚ್ಚುವ ಮೊದಲೇ ಕೊಟ್ಟಿತು.

ಬ್ಯಾಂಕಿನ ಅಧಿಕಾರಿಗಳು ಒಳ್ಳೆಯವರು. ತಮ್ಮ ಹೆಸರನ್ನು ಪಾಲುದಾರರ ಪಟ್ಟಿಯಿಂದ ಹೊಡೆದುಹಾಕಿ, ಆ ಒಂದೂವರೆ ಪಾಲನ್ನು ಸಾಲದ ಕಂತಿಗೆ ತಿರುಗಿಸಿದರೆ ಒಂದೇ ಗಂಟೆಯಲ್ಲಿ ಕೆಲಸ ಮುಗಿಸುತ್ತೇನೆ ಎಂದಿದ್ದಾರೆ. ಅಣ್ಣ ಮಾತ್ರ "ಅಪ್ಪ ಹಾಕಿದ ಪಾಲು, ನಾನು ತೆಗೆಯಲ್ಲ" ಎಂದು ಹಟ ಹಿಡಿದು ಕುಳಿತಿದ್ದಾನೆ. ಆದ್ದರಿಂದ ತಮ್ಮ ದುರ್ನಡತೆಯನ್ನು ಪುರಾವೆ ಸಮೇತ ಸಾಬೀತುಪಡಿಸಿ, ಐದೂ ಜನರ ಮುಂದೆ ಓದಿ ಹೇಳಿ, ತಮ್ಮನ್ನು ಹೊರಹಾಕಿಸುವ ಸದುದ್ದೇಶದಿಂದ ಈ ಪತ್ರ. ಇದರ ಪ್ರತಿಯನ್ನು ಐಸ್ ಕೋಣೆಯ ಮೆಟ್ಟಿಲಿನ ಗೋಡೆಗೆ ಅಂಟಿಸಲಾಗುವುದು.

ಮೊದಲು ತಮ್ಮ ಔದಾರ್ಯವನ್ನು ಹೊಗಳಬೇಕು. ಡಬ್ಬಿಯ ಚೀಟಿಗಳ ಪ್ರಕಾರ, ನಮ್ಮ ಅಡುಗೆಯವರ ಮೂತ್ರಪಿಂಡದ ಕಲ್ಲು ತೆಗೆಸಲು ನಲವತ್ತು ಸಾವಿರ ಕೊಟ್ಟವರು ತಾವು. ಬಲೆ ನೇಯುವ ತಾತನ ಕಣ್ಣಿನ ಪೊರೆಗೆ ಇಪ್ಪತ್ತೆರಡು ಸಾವಿರ ಕೊಟ್ಟವರೂ ತಾವೇ. ಮೀನೇ ಸಿಗದ ಎರಡು ತಿಂಗಳು ಎಲ್ಲರ ಮನೆಗೆ ಅಕ್ಕಿ ಹಾಕಿಸಿದವರು ಇನ್ಯಾರು? ಪ್ರತಿ ಚೀಟಿಯ ಮೇಲೂ ಅಣ್ಣನ ಕೋಳಿಕಾಲಿನ ಅಕ್ಷರದಲ್ಲಿ 'ಇಂಜಿನ್ ಕೈಗಡ ಕೊಟ್ಟಿತು' ಎಂದಿದೆ. ಯಾವ ಮನುಷ್ಯನೂ ಇಷ್ಟು ಸಲ, ಮುಖ ಗಂಟಿಕ್ಕದೆ, ವಾಪಸು ಯಾವಾಗ ಎಂದು ಕೇಳದೆ ಕೈಗಡ ಕೊಟ್ಟದ್ದನ್ನು ನಾನು ನೋಡಿಲ್ಲ. ಅವರೆಲ್ಲ ಹಿಂದುಮುಂದಾಗಿಯಾದರೂ ಮರಳಿ ಕಟ್ಟಿದ್ದಾರೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಮುಗಿಯದ ವಿಷಯ ಗ್ರೀಸಿನದು. ತಾವು ತಿಂಗಳಿಗೆ ಹನ್ನೊಂದು ಸಾವಿರದ ಗ್ರೀಸು ಮತ್ತು ಫಿಲ್ಟರು ತಿನ್ನುತ್ತೀರಿ! ಪ್ರತಿ ತಿಂಗಳ ಒಂದನೆಯ ತಾರೀಕು ಬೆಳಿಗ್ಗೆ ಅಣ್ಣ ಚೀಟಿ ತರುತ್ತಾನೆ, ನಾನು ತಮ್ಮ ಡಬ್ಬಿಯಿಂದ ಎಣಿಸಿ ಕೊಡುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ. ಸರಕು ಸಾಗಿಸುವ ಹಡಗು ಕೂಡ ಇಷ್ಟು ಗ್ರೀಸು ಹಚ್ಚಿಕೊಳ್ಳುವುದಿಲ್ಲ. ಇದರ ಹಿಂದೆ ತಮ್ಮ ಆಪ್ತರಾದ ಮೆಕ್ಯಾನಿಕ್, ಅಂದರೆ ಎಲ್ಲರೂ 'ಡಾಕ್ಟರು' ಎಂದು ಕರೆಯುವ ಆ ಮೆದುಮಾತಿನ ಮನುಷ್ಯನ ಕೈವಾಡವಿದೆ ಎಂಬುದು ನನ್ನ ಹಳೆಯ ಗುಮಾನಿ. ಅವರ ಗ್ರೀಸಿನ ಡಬ್ಬಕ್ಕೆ ನಾನು ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಕೆಲಸ ಮುಗಿಸಿ ಹೊರಡುವಾಗ ಅವರ ಚೀಲ ಬಿಚ್ಚಿಸಿ ನೋಡಿದ್ದೇನೆ. ಎಲ್ಲರೆದುರೇ "ಗ್ರೀಸು ಎಲ್ಲಿಗೆ ಹೋಗುತ್ತೆ ಸ್ವಾಮಿ?" ಎಂದು ಕೇಳಿದ್ದೇನೆ. ಪ್ರತಿ ಸಲವೂ ಅವರು ತಲೆ ತಗ್ಗಿಸಿ, "ಅಕ್ಕಾ, ಅದಕ್ಕೆ ವಯಸ್ಸಾಯ್ತು, ಜಾಸ್ತಿ ಕುಡಿಯುತ್ತೆ" ಎಂದಿದ್ದಾರೆ. ಹೊಸದು ಮಾಡಿಸಬೇಕಾದ ಕಾಲ ದಾಟಿ ಮೂರು ವರ್ಷವಾದರೂ ಡಬ್ಬಿಯಲ್ಲಿ ಇನ್ನೂರ ಹನ್ನೊಂದು ಮಾತ್ರ ಇರಲು ಕಾರಣ ಈ ಗ್ರೀಸೇ. ಏಳು ವರ್ಷದ ಗ್ರೀಸಿನ ಮೊತ್ತವನ್ನು ತಿಂಗಳುವಾರು ಪಟ್ಟಿ ಮಾಡಿ ಇದರೊಂದಿಗೆ ಲಗತ್ತಿಸುತ್ತಿದ್ದೇನೆ. ಅದನ್ನು ನೋಡಿದ ಮೇಲೆ ತಮಗೆ ತಲೆ ಎತ್ತಿ ಮಾತನಾಡುವ ಧೈರ್ಯ ಬರಲಿಕ್ಕಿಲ್ಲ.

ಮೇಲಿನದನ್ನು ಬರೆದದ್ದು ಸೋಮವಾರ. ಇಂದು ಗುರುವಾರ. ಲಗತ್ತು ಸಿದ್ಧವಾಗಿದೆ. ತಲೆ ಎತ್ತಿ ಮಾತನಾಡುವ ಧೈರ್ಯ ಬಾರದಿರುವುದು ನನಗೆ.

ಆದದ್ದು ಇಷ್ಟು. ಪಟ್ಟಿಯಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ ಎಂಟು ಸಾವಿರದಂತೆ, ನಂತರ ಮೂರು ವರ್ಷ ಹತ್ತು ಸಾವಿರದಂತೆ, ಕೊನೆಯ ಎರಡು ವರ್ಷ ಹನ್ನೊಂದು ಸಾವಿರದಂತೆ ಗ್ರೀಸು ಹೋಗಿತ್ತು. ಗ್ರೀಸು ಇಷ್ಟು ಶಿಸ್ತಿನಿಂದ ಏರುವುದನ್ನು ಕಂಡು ಕಳ್ಳ ಸಿಕ್ಕಿಬಿದ್ದನೆಂದು ಖುಷಿಯಾಯಿತು. ಆದರೆ ನಡುವೆ ಒಂದೇ ಒಂದು ತಿಂಗಳು ಲೆಕ್ಕ ತಪ್ಪಿತ್ತು: ಹತ್ತು ಸಾವಿರದ ಬದಲು ಆರು ಸಾವಿರದ ಆರುನೂರ ಅರವತ್ತೇಳು. ಯಾವ ಅಂಗಡಿಯವನು ಅರವತ್ತೇಳರ ಗ್ರೀಸು ಮಾರುತ್ತಾನೆ ಎಂದು ಯೋಚಿಸುತ್ತಾ ಆ ತಿಂಗಳು ಏನಾಗಿತ್ತೆಂದು ನೆನೆಸಿಕೊಂಡೆ. ಆ ತಿಂಗಳು ನನಗೆ ಕಾಮಾಲೆಯಾಗಿ ಹತ್ತು ದಿನ ಮಲಗಿದ್ದೆ. ಕೆಲಸ ಮಾಡದ ದಿನಕ್ಕೆ ಸಂಬಳ ಬೇಡವೆಂದು, ಅಣ್ಣ ಎಷ್ಟು ಹೇಳಿದರೂ ಕೇಳದೆ, ಮೂರನೆಯ ಒಂದು ಭಾಗ ಕಡಿತ ಮಾಡಿಸಿಕೊಂಡಿದ್ದೆ. ಅದೇ ತಿಂಗಳು ಗ್ರೀಸೂ ಹತ್ತು ದಿನ ರಜೆ ಹಾಕಿತ್ತು.

ನನ್ನ ಮನೆಯ ಖರ್ಚಿನ ಡೈರಿ ತಂದು ಪುಸ್ತಕದ ಪಕ್ಕ ಇಟ್ಟೆ. ಎಂಬತ್ನಾಲ್ಕು ತಿಂಗಳು, ಎಂಬತ್ನಾಲ್ಕು ಸಾಲು, ಒಂದೂ ತಪ್ಪಿಲ್ಲ. ಒಂದನೆಯ ತಾರೀಕು ಬೆಳಿಗ್ಗೆ ನಾನೇ ಎಣಿಸಿ ಗ್ರೀಸಿಗೆಂದು ಕೊಟ್ಟ ನೋಟುಗಳನ್ನೇ ಮಧ್ಯಾಹ್ನ ಲಕೋಟೆಯಿಂದ ತೆಗೆದು ನಾನೇ ಮತ್ತೊಮ್ಮೆ ಎಣಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಒಂದು ಸಲ ನೋಟಿನ ಮೇಲಿನ ಶಾಯಿ ಕಲೆಯನ್ನು ಎರಡೂ ಹೊತ್ತು ನೋಡಿ, ಊರಿನಲ್ಲಿ ಕಲೆಯಾದ ನೋಟು ಹೆಚ್ಚಾಗಿದೆ ಎಂದು ಅಣ್ಣನ ಹತ್ತಿರವೇ ದೂರಿದ್ದೇನೆ. ಅವನು ಹೌದು ಹೌದು ಎಂದಿದ್ದ.

ದೋಣಿಯ ಎರಡು ಪಾಲಿನಿಂದ ನನಗೆ ಕೊಡಲು ಅವನ ಬಳಿ ಏನೂ ಇರಲಿಲ್ಲ ಎಂಬುದು ಈಗ ಅವನ ಬ್ಯಾಂಕಿನ ಪಾಸ್‌ಪುಸ್ತಕ ಬಿಚ್ಚಿ ನೋಡಿದ ಮೇಲೆ ಗೊತ್ತಾಯಿತು. ನಾನು ಬರುವ ಮೊದಲೇ ಅವನು ನಷ್ಟಕ್ಕೆ ಮಾರಿದ್ದ ಎರಡನೆಯ ದೋಣಿಯ ಹಳೆಯ ಸಾಲಕ್ಕೆ ಅದು ಬಂದ ದಿನವೇ ಹೋಗುತ್ತಿತ್ತು. ನಾನಿಲ್ಲದೆ ಕಂಪನಿ ಮುಳುಗುತ್ತದೆ ಎಂದು ನಂಬಿ ಏಳು ವರ್ಷ ಗತ್ತಿನಿಂದ ಕುಳಿತವಳು ನಾನು. ತಮ್ಮನ್ನು ಹೊಸದು ಮಾಡಿಸಲಿಕ್ಕಿದ್ದ ದುಡ್ಡನ್ನು ತಿಂಗಳು ತಿಂಗಳು ತಿಂದು, ಕೊನೆಗೆ ತಾವು ನಡುನೀರಿನಲ್ಲಿ ನಡುಗಿ ನಿಂತಾಗ ಕೈಕೊಟ್ಟಿರೆಂದು ಬೈದವಳೂ ನಾನೇ. ಆ ಹೊತ್ತು ಗಾಳಿಯೇನಾದರೂ ಎದ್ದಿದ್ದರೆ ಐದು ಜನರ ಗತಿ ಏನಾಗುತ್ತಿತ್ತು? ನನಗೆ ಬಹಳ ನಾಚಿಕೆಯಾಗಿದೆ, ಮಾನ್ಯರೇ. ಒಟ್ಟು ಮೊತ್ತ ಎಂಟು ಲಕ್ಷದ ಹನ್ನೆರಡು ಸಾವಿರದ ಆರುನೂರ ಅರವತ್ತೇಳು. ಎರಡು ಸಲ ಕೂಡಿಸಿದ್ದೇನೆ.

ನಿನ್ನೆ ಮೊದಲ ಬಾರಿಗೆ ಏಣಿ ಇಳಿದು ತಮ್ಮ ಕೋಣೆಗೆ ಬಂದೆ. ತಾವು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು. ಡಾಕ್ಟರು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ತಮ್ಮ ಒಂದೊಂದೇ ಭಾಗವನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದರು. ನಿಜವಾದ ಗ್ರೀಸಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಟಾರ್ಚು ತೆಗೆದು, ನನ್ನ ಮುಖ ನೋಡಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ತಿಳಿದು, "ಮುನ್ನೂರ ನಲವತ್ತು ಅಕ್ಕಾ. ನಾನೇ ತರ್ತೀನಿ ಬಿಡಿ" ಎಂದರು. ಏಳು ವರ್ಷ ಚೀಲ ಬಿಚ್ಚಿಸಿಕೊಂಡಿರಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದರೆ, "ಹೇಳಿದ್ರೆ ನೀವು ಮಾರನೇ ದಿನ ಕೆಲಸ ಬಿಡ್ತಿದ್ರಿ. ಯಜಮಾನ್ರು ಹೇಳ್ಬೇಡ ಅಂದಿದ್ರು" ಎಂದು ಮತ್ತೆ ಒರೆಸತೊಡಗಿದರು. ನಾನು ಕ್ಷಮೆ ಕೇಳಿದೆ. ಸರಿಯಾಗಿ ಕೇಳಲು ಬರಲಿಲ್ಲ. ಕ್ಷಮೆ ಕೇಳಿ ನನಗೆ ರೂಢಿ ಕಡಿಮೆ. ಅವರು ಕೈ ಒರೆಸಿಕೊಂಡು ನನಗೊಂದು ಸ್ಟೂಲು ಕೊಟ್ಟರು.

ಸಹಿಯ ಉಪಾಯ ಹೊಳೆದದ್ದೂ ಅವರಿಗೇ. ತಮ್ಮ ಮೈಮೇಲೆ ಕೊರೆದ ಸಂಖ್ಯೆಯ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಇಂದು ಬೆಳಿಗ್ಗೆ ಅದನ್ನು ಬ್ಯಾಂಕಿಗೆ ಒಯ್ದಾಗ ಅಧಿಕಾರಿಗಳು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿ, "ಲಾರಿ ಸಾಲಕ್ಕೆ ಇದನ್ನೇ ತಗೋತೀವಿ, ಇದಕ್ಕೆ ಯಾಕೆ ಬೇಡ?" ಎಂದು ಸಹಿಯ ಜಾಗದಲ್ಲಿ ಅಂಟಿಸಿಕೊಂಡರು. ಪಾಲುದಾರರ ನಡತೆಯನ್ನು ಐದು ವರ್ಷಕ್ಕೂ ಮೇಲ್ಪಟ್ಟು ಬಲ್ಲ ಇಬ್ಬರ ಸಾಕ್ಷಿ ಬೇಕಿತ್ತು. ಒಬ್ಬರು ಡಾಕ್ಟರು. ಇನ್ನೊಬ್ಬಳು ನಾನು. ತಮ್ಮ ನಡತೆ ಅತ್ಯುತ್ತಮ ಎಂದು ಬರೆದು ಸಹಿ ಹಾಕಿದ್ದೇನೆ, ಎಂಟು ಲಕ್ಷದಷ್ಟು ಬಲ್ಲವಳು ಬೇರೆ ಯಾರಿದ್ದಾರೆ? ಸಾಲ ನವೀಕರಣವಾಯಿತು, ದೋಣಿ ಹರಾಜಾಗುವುದಿಲ್ಲ. ತಮ್ಮ ರಿಪೇರಿಗೆಂದು ಒಂದು ಲಕ್ಷ ಎಪ್ಪತ್ತು ಸಾವಿರ ಹೆಚ್ಚಿಗೆ ಕೊಡಲೂ ಅವರು ಒಪ್ಪಿದ್ದಾರೆ.

ಉಳಿದ ಮೂರು ಲಕ್ಷ ಹತ್ತು ಸಾವಿರದ ವಿಷಯ. ನಾನು ಒಂಟಿ ಜೀವ, ಕೈ ಬಿಗಿ. ಮುಪ್ಪಿಗೆ ಇರಲಿ ಎಂದು ಲಕೋಟೆಯಿಂದ ಉಳಿಸಿ ಅಷ್ಟೇ ಮೊತ್ತವನ್ನು ಠೇವಣಿ ಇಟ್ಟಿದ್ದೆ. ಅದನ್ನು ಮುರಿಸಿದೆ. ಅಣ್ಣನಿಗೆ ಕೊಡಲು ಹೋದರೆ ಅವನು ಮುಟ್ಟುವುದಿಲ್ಲವೆಂದು ಗೊತ್ತು. ಆದ್ದರಿಂದ ಹಣವನ್ನು ತಮ್ಮ ಡಬ್ಬಿಗೆ ಹಾಕಿ, ಪುಸ್ತಕದ ಜಮೆಯ ಕಡೆ ದುಂಡಗಿನ ಅಕ್ಷರದಲ್ಲಿ 'ಗ್ರೀಸು ವಾಪಸು' ಎಂದು ಬರೆದೆ. ಬೇಡವೆನ್ನಬೇಕಾದರೆ ಗ್ರೀಸು ಎಂದರೆ ಏನೆಂದು ಅವನೇ ಬಾಯಿಬಿಟ್ಟು ಹೇಳಬೇಕು. ಸಂಜೆ ಪುಸ್ತಕಕ್ಕೆ ಸಹಿ ಹಾಕಲು ಬಂದವನು ಆ ಸಾಲಿನ ಮೇಲೆ ಬೆರಳಿಟ್ಟು ನಿಂತ. ಕಿಟಕಿಯ ಹೊರಗೆ ನೋಡಿದ. ಮೂಗು ಒರೆಸಿಕೊಂಡ. "ಗ್ರೀಸು ಭಾರಿ ಉಳಿಸಿದ್ದೀಯಲ್ಲೇ" ಎಂದಷ್ಟೇ ಹೇಳಿ ಸಹಿ ಹಾಕಿ ಮೆಟ್ಟಿಲಿಳಿದು ಹೋದ. ನಾನು ಶಾಯಿ ಒಣಗಿದ ಮೇಲೆ ಪುಸ್ತಕ ಮುಚ್ಚಿಟ್ಟೆ.

ಆದಕಾರಣ ಮಾನ್ಯರಲ್ಲಿ ನನ್ನ ಬಿನ್ನಹ ಹೀಗಿದೆ. ವಿಷಯದ ಸಾಲಿನಲ್ಲಿ ಕೋರಿದ ವಿವರಣೆಯನ್ನು ದಯವಿಟ್ಟು ಕೊಡಬೇಡಿ. ಹೊಸ ಬೇರಿಂಗು ಕೂಡಿಸಿದ ಮೇಲೆ, ಅಡುಗೆಯವರಿಗೆ ಮತ್ತೆ ಕಲ್ಲು ಬಂದರೂ, ತಾತನ ಎರಡನೆಯ ಕಣ್ಣಿಗೂ ಪೊರೆ ಬಂದರೂ, ತಮ್ಮ ಪಾಲನ್ನು ಮೊದಲು ತಾವೇ ಉಂಡು ಆಮೇಲೆ ಕೈಗಡ ಕೊಡುವ ಸ್ವಾರ್ಥವನ್ನು ಸ್ವಲ್ಪ ಕಲಿಯಿರಿ. ಈ ಕಂಪನಿಯಲ್ಲಿ ಅದು ಯಾರಿಗೂ ಬರುವುದಿಲ್ಲ, ಹೇಳಿಕೊಡುವವರೂ ಇಲ್ಲ. ಇನ್ನುಳಿದ ಐದು ಲಕ್ಷ ಎರಡು ಸಾವಿರದ ಆರುನೂರ ಅರವತ್ತೇಳನ್ನು ತೀರಿಸುವವರೆಗೆ ನಾನು ಸಂಬಳವಿಲ್ಲದೆ ದುಡಿಯುತ್ತೇನೆ ಎಂದು ಬರೆಯುವ ಆಸೆಯೇನೋ ಇತ್ತು. ಆದರೆ ಕೋಣೆಯ ಬಾಡಿಗೆ ಕಟ್ಟಬೇಕು, ಊಟವೂ ಆಗಬೇಕು. ಆದ್ದರಿಂದ ವಾರದಲ್ಲಿ ಎರಡು ದಿನ ಇಲ್ಲಿ, ಅದಕ್ಕೆ ತಕ್ಕಷ್ಟೇ ಸಂಬಳಕ್ಕೆ. ಉಳಿದ ನಾಲ್ಕು ದಿನ ನನ್ನನ್ನು ಎಳೆದು ತಂದ, ಅಂದರೆ ತಮ್ಮನ್ನು ಎಳೆದು ತಂದ, ಆ ದೊಡ್ಡ ಕಂಪನಿಯಲ್ಲಿ ಲೆಕ್ಕ ಬರೆಯಲು ಒಪ್ಪಿಕೊಂಡು ಬಂದಿದ್ದೇನೆ. ಅವರ ಇಂಜಿನ್ನುಗಳಿಗೆ ಪಾಲಿಲ್ಲ. ಅಲ್ಲಿ ಗ್ರೀಸಿನ ಖರ್ಚೂ ಬಹಳ ಕಡಿಮೆ.

ಈ ಪತ್ರವನ್ನು ಮೆಟ್ಟಿಲಿನ ಗೋಡೆಗೆ ಅಂಟಿಸುವುದನ್ನು ಮಾತ್ರ ಕೈಬಿಟ್ಟಿಲ್ಲ. ಡಾಕ್ಟರ ಚೀಲವನ್ನು ನಾನು ಎಲ್ಲರೆದುರು ಬಿಚ್ಚಿಸಿದ್ದೆ, ಇದನ್ನೂ ಎಲ್ಲರೂ ಓದಲಿ.

ಇತಿ,
ಇನ್ನಾದರೂ ತಮ್ಮ ವಿಶ್ವಾಸಿ,
ಗ್ರೀಸು ಮತ್ತು ಫಿಲ್ಟರು
(ಉರುಫ್ ಲೆಕ್ಕದಕ್ಕ)

ಮರೆತ ಮಾತು: ಎರಡು ವರ್ಷದ ಹಿಂದೆ ನಾನು ಎರಡು ಸಾವಿರ ಸಂಬಳ ಏರಿಸೆಂದು ಕೇಳಿದ್ದೆ. ತಮ್ಮ ಯಜಮಾನ ಮೂರು ದಿನ ಯೋಚಿಸಿ, "ಈ ವರ್ಷ ಕಷ್ಟ, ಒಂದು ಸಾವಿರ ಹಾಕ್ತೀನಿ, ಇನ್ನೊಂದು ಆಮೇಲೆ" ಎಂದಿದ್ದ. ಆ ಮೂರೂ ದಿನ ಅವನು ತಮ್ಮ ಕೋಣೆಯಲ್ಲಿ ಕುಳಿತು ತಮ್ಮನ್ನೇ ಕೇಳುತ್ತಿದ್ದನೆಂದು ಡಾಕ್ಟರು ಈಗ ಹೇಳುತ್ತಾರೆ. ತಾವು ಏನು ಹೇಳಿದಿರೋ ತಿಳಿಯದು. ಆ ಇನ್ನೊಂದು ಸಾವಿರ ತಾವು ಕೊಡುವುದು ಬೇಡ. ಆದರೆ ಅವನು ಎಣ್ಣೆ ನೋಡಲು ಕೆಳಗಿಳಿದಾಗ ತಮ್ಮ ಗದ್ದಲದ ನಡುವೆ ಸ್ವಲ್ಪ ಕೇಳುವಂತೆ ಹೇಳಿರಿ: ತಂಗಿಗೆ ಲೆಕ್ಕ ಬರುತ್ತದೆ, ಏಳು ವರ್ಷ ತಡವಾಗಿಯಾದರೂ ಬರುತ್ತದೆ, ಮತ್ತು ಆ ಒಂದು ಸಾವಿರ ಅವಳ ಪುಸ್ತಕದಲ್ಲಿ ಇನ್ನೂ ಅವನ ಹೆಸರಿನಲ್ಲಿ ಬಾಕಿ ಇದೆ.